ಹನಮಂತನ ಸಹಿ

ಗೊಟ್ಟಿಗೆರೆಯಿಂದ ಕೋರ್ಟಿಗೆ ಹೋಗಿ ಬರಲು ಬಸ್ಸಿಗೆ ಹದಿನಾಲ್ಕು ರೂಪಾಯಿ. ಅವತ್ತಿನ ಕೂಲಿ ಖೋತಾ, ಅದೊಂದು ಐವತ್ತು. ವಕೀಲರ ಗುಮಾಸ್ತನಿಗೆ ಕಾಫಿಗೆಂದು ಹತ್ತು. ವಾಯಿದೆ ಬಿದ್ದರೆ ಇಷ್ಟೂ ಮತ್ತೊಂದು ಸಲ. ಶಿವವ್ವನಿಗೆ ಎರಡು ವರ್ಷದಿಂದ ವಾಯಿದೆ ಬೀಳುತ್ತಲೇ ಇತ್ತು.

ಎದುರಿನವರಿಗೆ ತಗುಲಿದ ಖರ್ಚು ಕಡಿಮೆ. ಒಂದು ಹಾಳೆ. ಅದರ ಮೇಲೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು. ಸ್ಟಾಂಪಿನ ಮೇಲೆ ಅಡ್ಡಲಾಗಿ ಒಂದು ಸಹಿ. ಅಷ್ಟಕ್ಕೆ ಮೂವತ್ತೈದು ಸಾವಿರದ ಸಾಲ ಹುಟ್ಟಿಬಿಟ್ಟಿತ್ತು, ನೂರಕ್ಕೆ ಎರಡು ರೂಪಾಯಿ ಬಡ್ಡಿ ಬೇರೆ. ಆ ಪ್ರೋನೋಟು ಬರೆದುಕೊಟ್ಟವನು ಶಿವವ್ವನ ಗಂಡ ಹನಮಂತ ಎಂದಿತ್ತು. ಬರೆಸಿಕೊಂಡವರು ಬಿಳೇಕಹಳ್ಳಿಯ ಬೈರಣ್ಣ. ಇಬ್ಬರೂ ಸತ್ತಿದ್ದರು. ಬದುಕಿದ್ದಾಗ ಅವರ ನಡುವೆ ಇಲ್ಲದ ಸಾಲ ಇಬ್ಬರನ್ನೂ ಮಣ್ಣು ಮಾಡಿದ ಮೇಲೆ ಎದ್ದು ಬಂದಿತ್ತು.

ಹನಮಂತ ಸೆಂಟ್ರಿಂಗ್ ಕೆಲಸದವನು. ಕುಷ್ಟಗಿ ಕಡೆಯಿಂದ ಹೆಂಡತಿಯನ್ನು ಕಟ್ಟಿಕೊಂಡು ಬಂದವನು ಬಿಟಿಎಂ, ಜೆಪಿ ನಗರ, ಬನಶಂಕರಿ ಎಂದು ಕಂಡವರ ಮನೆಗಳಿಗೆಲ್ಲ ತಾರಸಿ ನಿಲ್ಲಿಸಿದ. ಕಂಬ ಊರುವುದು, ಹಲಗೆ ಹೊಡೆಯುವುದು, ಕಾಂಕ್ರೀಟು ಗಟ್ಟಿಯಾದ ಮೇಲೆ ಅದೇ ಹಲಗೆ ಕೀಳುವುದು. ಕೀಳುವಾಗ ಮೊಳೆ ಸಮೇತ ಹಲಗೆ ತಲೆಯ ಮೇಲೇ ಬೀಳುತ್ತದೆ. ಅವನ ನೆತ್ತಿಯಲ್ಲಿ ಅಲ್ಲಲ್ಲಿ ಕೂದಲೇ ಬೆಳೆಯುತ್ತಿರಲಿಲ್ಲ. ಶಿವವ್ವ ಅದೇ ಕಟ್ಟಡದಲ್ಲಿ ಬಾಂಡ್ಲಿ ಹೊರುತ್ತಿದ್ದಳು. ತಾರಸಿ ಹಾಕುವ ದಿನ ಬೆಳಿಗ್ಗೆ ತಲೆಗೆ ಸಿಂಬಿ ಇಟ್ಟರೆ ಮಿಕ್ಸರ್ ನಿಂತ ಮೇಲೇ ಇಳಿಸುವುದು. ಸಂಜೆಗೆ ಕುತ್ತಿಗೆ ತಿರುಗುತ್ತಿರಲಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದಳು.

ಹಾಗೆ ದುಡಿದ ದುಡ್ಡಿನಲ್ಲಿ, ಚೀಟಿ ಹಾಕಿ, ಗೊಟ್ಟಿಗೆರೆಯಲ್ಲಿ ಇಪ್ಪತ್ತು ಮೂವತ್ತರ ಒಂದು ಸೈಟು ತೆಗೆದುಕೊಂಡರು. ರಿಜಿಸ್ಟ್ರಿ ಇಲ್ಲದ ಸೈಟು. ಮಾರಿದವನು ಜಿಪಿಎ ಎಂಬ ಅಧಿಕಾರ ಪತ್ರ ಮಾಡಿ ಹನಮಂತನ ಹೆಸರು ಹಾಕಿಸಿ ತಾನೊಬ್ಬನೇ ಸಹಿ ಹಾಕಿ ಕೊಟ್ಟ. ತಗೊಂಡವನ ಸಹಿ ಯಾರೂ ಕೇಳಲಿಲ್ಲ. ಆಗ ಅಲ್ಲಿ ಲಂಟಾನ ಪೊದೆ ಬಿಟ್ಟರೆ ಏನೂ ಇರಲಿಲ್ಲ. ವರ್ಷ ಕಳೆದಂತೆ ಬನ್ನೇರುಘಟ್ಟ ರಸ್ತೆಯ ಉದ್ದಕ್ಕೂ ಬೋರ್ಡುಗಳೆದ್ದವು. ಸೈಟಿನ ಬೆಲೆ ನಾಲ್ಕು ಪಟ್ಟಾಯಿತು.

ಹನಮಂತ ಅದನ್ನು ನೋಡಲಿಲ್ಲ. ತೊಂಬತ್ತೇಳರ ಜೂನಿನಲ್ಲಿ ಜೆಪಿ ನಗರದ ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಿಂದ ಹಲಗೆ ಸಮೇತ ಬಿದ್ದ. ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟು ಹೋದ ಕಂಪನಿಯವರು ಮತ್ತೆ ಬರಲಿಲ್ಲ. ಕೇಳಲು ಹೋದರೆ, ಅವನು ನಮ್ಮ ಆಳೇ ಅಲ್ಲ, ಹೆಂಡತಿಗೆ ಬುತ್ತಿ ಕೊಡಲು ಬಂದವನು, ತಾನೇ ಹತ್ತಿದ, ತಾನೇ ಬಿದ್ದ ಎಂದರು.

ಅದೇ ವರ್ಷದ ಚಳಿಗಾಲದಲ್ಲಿ ಬೈರಣ್ಣನೂ ಹೋದ. ಅವನು ಬಿಳೇಕಹಳ್ಳಿಯ ಹಳೇ ಒಕ್ಕಲು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಶೀಟಿನ ಮನೆಗಳ ಸಾಲು ಕಟ್ಟಿಸಿ ಕೂಲಿಯವರಿಗೆ ಬಾಡಿಗೆಗೆ ಬಿಟ್ಟಿದ್ದ. ಶಿವವ್ವ ಇದ್ದದ್ದೂ ಅದರಲ್ಲೇ ಒಂದರಲ್ಲಿ. ಬೈರಣ್ಣ ಕಷ್ಟಕ್ಕೆ ಐನೂರು, ಸಾವಿರ ಕೊಡುತ್ತಿದ್ದ. ಬಾಡಿಗೆಯ ಜೊತೆ ಹಿಡಿದುಕೊಳ್ಳುತ್ತಿದ್ದ. ಕಾಗದ ಪತ್ರ ಅಂತ ಒಂದು ದಿನ ಕೇಳಿದವನಲ್ಲ.

ಕಾಗದ ತೋರಿಸಿದವನು ಅವನ ಮಗ ಸೀನು. ವಕೀಲರ ನೋಟಿಸು ಕೈಗೆ ಬಂದ ದಿನ ಶಿವವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದಳು. ಗೇಟಿನ ಒಳಗೆ ಗ್ರಾನೈಟು ಹಾಸಿದ್ದರು.

"ಅಲ್ಲೇ ನಿಂತ್ಕೊಳಮ್ಮ, ಈಗ ತಾನೇ ತೊಳೆದವ್ರೆ," ಎಂದ ಸೀನು.

ಶಿವವ್ವ ತನ್ನ ಕಾಲು ನೋಡಿಕೊಂಡಳು. ಸಿಮೆಂಟು ತಿಂದ ಬೆರಳುಗಳು ಬೆಳ್ಳಗೆ ಬಿರಿದಿದ್ದವು. ಕಾರಿನ ಪಕ್ಕ ನಿಂತಳು.

"ಸೀನಣ್ಣಾ, ಇದೇನಿದು? ನಿಮ್ಮಪ್ಪಾರು ಯಾವತ್ತೂ ಇಷ್ಟು ರೊಕ್ಕ ಕೊಟ್ಟಿಲ್ಲ."

"ನೋಡಮ್ಮ, ಕೊಟ್ಟಿದ್ದು ನಮ್ಮಪ್ಪ. ಈಸ್ಕೊಂಡಿದ್ದು ನಿನ್ ಗಂಡ. ನಾನೂ ಇರ್ಲಿಲ್ಲ, ನೀನೂ ಇರ್ಲಿಲ್ಲ. ಇಬ್ರೂ ಇಲ್ಲ ಈಗ. ಪೇಪರ್ ಐತೆ. ಪೇಪರ್ ಮಾತಾಡುತ್ತೆ."

"ಅಮ್ಮಾರೇ, ನೀವರ ಹೇಳ್ರಿ."

ಬೈರಣ್ಣನ ಹೆಂಡತಿ ಮುನಿಲಕ್ಷ್ಮಮ್ಮ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ. "ನಂಗೇನವ್ವಾ ಗೊತ್ತು. ಗಂಡಸರ ವ್ಯವಾರ," ಎಂದಳು. ಇನ್ನೊಂದು ಕಾಯಿ ಸುಲಿದು, "ಹೆಣ್ ಮಗು ಇಟ್ಕೊಂಡಿದ್ದೀಯ. ಹಟ ಮಾಡ್ಬೇಡ ಕಣಮ್ಮ," ಎಂದಳು.

ಸೀನುವಿಗೆ ಬೇಕಾಗಿದ್ದು ದುಡ್ಡಲ್ಲ. ಅದನ್ನು ಅವನೇ ಹೇಳಿದ. "ಆ ಗೊಟ್ಟಿಗೆರೆ ಸೈಟು ನನ್ ಹೆಸರಿಗೆ ಬಿಟ್ಕೊಡು. ಕೇಸು ಗೀಸು ಏನೂ ಬೇಡ. ಸುಮ್ನೆ ಹೋಗು."

ಅವಳು ಬಿಟ್ಟುಕೊಡಲಿಲ್ಲ. ಆ ತಿಂಗಳೇ ಶೀಟಿನ ಮನೆ ಖಾಲಿ ಮಾಡಿಸಿದರು. ಮಗಳು ಜಯಾಳನ್ನೂ ಎರಡು ಪಾತ್ರೆ ಮೂಟೆಯನ್ನೂ ಹೊತ್ತುಕೊಂಡು ಸೈಟಿಗೇ ಹೋಗಿ, ಹಳೇ ಸೆಂಟ್ರಿಂಗ್ ಹಲಗೆ ನಿಲ್ಲಿಸಿ, ಮೇಲೆ ತಾಡಪಾಲು ಕಟ್ಟಿ ಕೂತಳು. ಈಗ ಆ ಸೈಟೇ ಮನೆ. ಅದು ಹೋದರೆ ರಸ್ತೆ.

ಈ ಕೇಸು ಹಿಡಿದವರು ಪರಮಶಿವಯ್ಯ ಎಂಬ ವಕೀಲರು. ಜಯನಗರದಲ್ಲಿ ಒಂದು ಬೇಕರಿಯ ಮೇಲೆ ಅವರ ಆಫೀಸು. ಹನಮಂತನ ಸಾವಿನ ಪರಿಹಾರದ ಕೇಸೂ ಅವರದೇ. ಕಂಪನಿಯಿಂದ ಎರಡು ಲಕ್ಷದ ಮೇಲೆ ಬರುತ್ತದೆ, ಬಂದಾಗ ನನ್ನ ಫೀಸು ಕೊಡು ಎಂದಿದ್ದರು. ಕೆಟ್ಟ ಮನುಷ್ಯರಲ್ಲ. ಶಿವವ್ವ ಹೋದಾಗಲೆಲ್ಲ ಕೆಳಗಿನಿಂದ ಬನ್ನು ತರಿಸುತ್ತಿದ್ದರು.

ಪ್ರೋನೋಟಿನ ನಕಲು ಬಂದ ದಿನ ಅದನ್ನು ಅವಳ ಮುಂದೆ ಇಟ್ಟರು.

"ಸರಿಯಾಗಿ ನೋಡಿ ಹೇಳಮ್ಮ. ಈ ಸಹಿ ಯಾರದು?"

ಶಿವವ್ವನಿಗೆ ಓದು ಬಾರದು. ಆದರೆ ಆ ಸಹಿಯ ಕೊನೆಯಲ್ಲಿ ಹಿಂದಕ್ಕೆ ಸುತ್ತಿ ಬರುವ ಬಾಲ ಅವಳಿಗೆ ಗೊತ್ತಿತ್ತು.

"ಸಹಿ ಅವಂದರೀ. ಆದ್ರ ಅವ ಹಾಕಿಲ್ಲ."

"ಹಾಗಂದ್ರೆ?"

"ಅವಗ ಬರಿಯಾಕ ಬರತಿರಲಿಲ್ರಿ. ಮೇಸ್ತ್ರಿ ಹಾಕ್ತಾನ."

"ಯಾರ ಸಹಿ?"

"ಎಲ್ಲಾರದೂ."

ಪರಮಶಿವಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಮೇಸ್ತ್ರಿ ಅಂದರೆ ಗುರುಸಿದ್ದ. ಕುಷ್ಟಗಿ ಕಡೆಯವನೇ. ಏಳನೇ ಕ್ಲಾಸು ಓದಿದ್ದ. ಮೂವತ್ತು ಆಳುಗಳನ್ನು ಊರಿನಿಂದ ಕರೆತಂದು ಕಂಪನಿಗೆ ಹಾಕಿದ್ದ. ಶನಿವಾರ ಬಟವಾಡೆ. ಅವನು ಹಾಜರಿ, ಕೂಲಿ ಬರೆಯುವ ಮಸ್ಟರ್ ಬುಕ್ಕು ತೊಡೆಯ ಮೇಲೆ ಬಿಡಿಸಿಕೊಂಡು, ಎಲ್ಲರ ಹೆಸರಿನ ಮುಂದೆಯೂ ತಾನೇ ಸಹಿ ಹಾಕಿ, ಒಬ್ಬೊಬ್ಬರನ್ನೇ ಕರೆದು ಕೈಗೆ ದುಡ್ಡು ಇಡುತ್ತಿದ್ದ. ಹೆಬ್ಬೆಟ್ಟು ಕಂಡರೆ ಲೇಬರ್ ಆಫೀಸಿನವರು ಹತ್ತು ಪ್ರಶ್ನೆ ಕೇಳುತ್ತಾರೆ, ಸಹಿ ಇದ್ದರೆ ತಂಟೆಯಿಲ್ಲ ಎನ್ನುತ್ತಿದ್ದ. ಎಲ್ಲ ಸಹಿಯೂ ಒಂದೇ ಥರ ಇದ್ದರೆ ಸಿಕ್ಕಿಬೀಳುತ್ತೇನೆಂದು ಒಬ್ಬೊಬ್ಬರಿಗೂ ಒಂದೊಂದು ಸಹಿ ಹುಟ್ಟಿಸಿದ್ದ. ಒಬ್ಬನಿಗೆ ಮಲಗಿದ ಅಕ್ಷರ, ಒಬ್ಬನಿಗೆ ನಿಂತ ಅಕ್ಷರ. ಹೆಂಗಸರಿಗೆ ಗುಂಡಗೆ. ಹನಮಂತನಿಗೆ ಬಾಲ.

ಅದೊಂದು ತಮಾಷೆಯಾಗಿತ್ತು ಅವರಿಗೆ. "ಮೇಸ್ತ್ರೀ, ನನ್ ಸಹಿ ತೋರ್ಸೋ," ಎಂದು ಹನಮಂತ ಶನಿವಾರ ಬಗ್ಗಿ ನೋಡುತ್ತಿದ್ದ. "ಬಾಲ ಸಣ್ಣದಾತು ಈ ವಾರ. ಊಟ ಮಾಡಿಲ್ಲೇನು?" ಎನ್ನುತ್ತಿದ್ದ. ಎಲ್ಲ ನಗುತ್ತಿದ್ದರು. ಹೊಲ, ದನ, ಹೆಸರು ಹೇಗೋ ಹಾಗೆ ಅವರವರ ಸಹಿ ಅವರವರದು. ಹಾಕುವ ಕೈ ಮೇಸ್ತ್ರಿಯದು, ಅಷ್ಟೇ. ಅದರಲ್ಲಿ ಮೋಸವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಶಿವವ್ವನಿಗೂ ಅನ್ನಿಸಿರಲಿಲ್ಲ. ಅದೇ ದೊಡ್ಡ ಯಡವಟ್ಟಾಗಿತ್ತು. ಹನಮಂತ ಆ ಕಂಪನಿಯ ಆಳು ಎನ್ನಲು ಪರಮಶಿವಯ್ಯನವರಿಗೆ ಸಿಕ್ಕಿದ್ದು ಆ ಮಸ್ಟರ್ ಬುಕ್ಕಿನ ನಕಲೊಂದೇ. ಲೇಬರ್ ಆಫೀಸಿನಿಂದ ತೆಗೆಸಿ ಪರಿಹಾರದ ಕೇಸಿನಲ್ಲಿ ಹಾಕಿದ್ದರು. ಅಲ್ಲಿ ಪ್ರಮಾಣ ಮಾಡಿಸಿ, ಇದು ನಿನ್ನ ಗಂಡನ ಸಹಿಯೇ ಎಂದು ಕೇಳಿದಾಗ ಶಿವವ್ವ ಬಾಲ ನೋಡಿ, "ಹೌದ್ರಿ, ಅವಂದ," ಎಂದಿದ್ದಳು. ಸುಳ್ಳು ಹೇಳುತ್ತಿದ್ದೇನೆಂದು ತಿಳಿದು ಹೇಳಿದ್ದಲ್ಲ. ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತಿದ್ದಳು.

ಈಗ ಸೀನುವಿನ ವಕೀಲ ಅದನ್ನೇ ಹಿಡಿದ. ಸತ್ತವನ ಸಹಿಯನ್ನು ತಾಳೆ ನೋಡಬೇಕಾದರೆ ಅವನದೇ ಎಂದು ಎರಡೂ ಕಡೆಯವರು ಒಪ್ಪಿದ ಇನ್ನೊಂದು ಸಹಿ ಬೇಕು. ಹನಮಂತನ ಕೈಯ ಗುರುತು ಲೋಕದಲ್ಲಿ ಎಲ್ಲೂ ಇರಲಿಲ್ಲ. ರೇಷನ್ ಕಾರ್ಡು ಊರಲ್ಲಿ ಅಪ್ಪನ ಹೆಸರಿನಲ್ಲಿ. ಬ್ಯಾಂಕು ಕಂಡವನಲ್ಲ. ಇಷ್ಟು ಮನೆ ಕಟ್ಟಿದ ಮನುಷ್ಯ ಒಂದು ಚೀಟಿಯ ಮೇಲೂ ಬೆರಳು ಒತ್ತಿರಲಿಲ್ಲ. ಇದ್ದದ್ದು ಮಸ್ಟರ್ ಬುಕ್ಕು. ಹೆಂಡತಿಯೇ ಒಪ್ಪಿದ ಸಹಿ. ಎರಡನ್ನೂ ಹಸ್ತಾಕ್ಷರ ತಜ್ಞರಿಗೆ ಕಳಿಸಿದರು. ಎರಡೂ ಒಂದೇ ಕೈಯವು ಎಂದು ಅವರು ಬರೆದುಕೊಟ್ಟರು. ಅದೇನೂ ಸುಳ್ಳಲ್ಲ. ಎರಡೂ ಗುರುಸಿದ್ದನ ಕೈಯವೇ.

ಪ್ರೋನೋಟು ಬರೆದವನು ನಾನೇ, ಹನಮಂತ ನನ್ನ ಕಣ್ಣೆದುರಿಗೇ ಸಹಿ ಹಾಕಿದ ಎಂದು ಗುರುಸಿದ್ದ ಕೋರ್ಟಿಗೆ ಬಂದು ಹೇಳಿದ. ಹೇಳುವಾಗ ಶಿವವ್ವನ ಕಡೆ ನೋಡಲಿಲ್ಲ. ಸೀನು ಮಡಿವಾಳದ ಹತ್ತಿರ ಲಾಡ್ಜು ಕಟ್ಟಿಸುತ್ತಿದ್ದ. ಅದರ ಲೇಬರ್ ಕಂಟ್ರಾಕ್ಟು ಗುರುಸಿದ್ದನಿಗಾಗಿತ್ತು.

ಶಿವವ್ವ ಕಟಕಟೆ ಹತ್ತುವ ಹಿಂದಿನ ವಾರ ಪರಮಶಿವಯ್ಯ ಬನ್ನು ತರಿಸಲಿಲ್ಲ. ಬಾಗಿಲು ಮುಂದೆ ಮಾಡಿ ಕೂರಿಸಿಕೊಂಡರು.

"ಕೇಳಮ್ಮ. ಕಟಕಟೇಲಿ ನಿಂತು ಸಹಿ ನನ್ನ ಗಂಡನದಲ್ಲ ಅಂದ್ಯೋ, ಮಸ್ಟರ್ ಬುಕ್ಕಿನ ಸಹಿನೂ ಅವನದಲ್ಲ ಅಂದ ಹಾಗೆ. ಕಂಪನಿ ವಕೀಲರು ಅದನ್ನೇ ಕಾಯ್ತಾ ಇದ್ದಾರೆ. ಮಸ್ಟರೇ ಸುಳ್ಳು, ಮೇಸ್ತ್ರಿ ಇಲ್ಲದ ಹೆಸರೆಲ್ಲಾ ತುಂಬ್ಸಿದ್ದಾನೆ ಅಂತಾರೆ. ನಿನ್ ಗಂಡ ಅಲ್ಲಿ ದುಡಿದಿದ್ದೇ ಇಲ್ಲ ಅಂತಾಗುತ್ತೆ. ಎರಡು ಲಕ್ಷ ಹೋಯ್ತು."

"ಹೌದು ಅಂದ್ರ?"

"ಸೈಟು ಹೋಗುತ್ತೆ. ಆದ್ರೆ ಎರಡು ಲಕ್ಷ ಬರುತ್ತೆ. ಲೆಕ್ಕ ಹಾಕು ನೀನೇ. ಆ ದುಡ್ಡಲ್ಲಿ ಅಂಥದೇ ಸೈಟು ಇನ್ನೊಂದು ಸಿಗುತ್ತೆ, ಮೇಲೆ ಶೀಟೂ ಹಾಕ್ಕೋಬಹುದು."

"ಖರೇ ಯಾವುದೈತಿ ಅದನ್ನ ಎರಡೂ ಕಡಿ ಹೇಳಿದ್ರ, ಸಾಹೇಬ್ರ?"

"ಎರಡೂ ಕಡೆ ಸೋಲ್ತೀಯ." ಅವರು ಮುಖ ಉಜ್ಜಿಕೊಂಡರು. "ನಂದೂ ತಪ್ಪಿದೆ. ಅವತ್ತು ಸಹಿ ಅವನದಾ ಅಂತ ಕೇಳ್ದೆ. ಅವನಿಗೆ ಸಹಿ ಹಾಕೋಕೆ ಬರ್ತಿತ್ತಾ ಅಂತ ಕೇಳಲಿಲ್ಲ."

ಮಾರನೆಯ ದಿನ ಗುರುಸಿದ್ದನೇ ಅವಳಿದ್ದ ಕೆಲಸದ ಜಾಗಕ್ಕೆ ಬಂದ. ಆಗ ಅವಳು ಬೇರೊಬ್ಬ ಮೇಸ್ತ್ರಿಯ ಕೈಕೆಳಗೆ ಅರೆಕೆರೆಯಲ್ಲಿ ಜಲ್ಲಿ ಹೊರುತ್ತಿದ್ದಳು. ಜೊತೆಗೆ ಬಸವಲಿಂಗಮ್ಮನನ್ನು ಕರೆದುಕೊಂಡು ಬಂದಿದ್ದ. ಬಸವಲಿಂಗಮ್ಮ ಶಿವವ್ವನ ಜೊತೆ ಒಂದೇ ಬಾಂಡ್ಲಿ ಎತ್ತಿದವಳು, ಹನಮಂತ ಸತ್ತ ದಿನ ಅವಳನ್ನು ಹಿಡಿದು ಕೂತವಳು.

"ತಂಗಿ, ಆಗಿದ್ದಾತು," ಎಂದ ಗುರುಸಿದ್ದ. "ಸೀನಣ್ಣ ದೊಡ್ಡ ಮನುಷ್ಯ. ನಾ ಒಲ್ಲೆ ಅಂದಿದ್ರ ಮತ್ತೊಬ್ಬನ ಕೈಲೆ ಬರಸ್ತಿದ್ದ. ನಿನಗ ಎರಡ ಲಕ್ಷ ಬರಲಿ ಅಂತ ನಾ ದೇವರಿಗೆ ಕಾಯಿ ಒಡಸೀನಿ."

"ನನ್ ಗಂಡ ರೊಕ್ಕ ತಗೊಂಡಾನೇನು? ಅಷ್ಟ ಹೇಳು."

"ಸತ್ತಾವಗ ಸಾಲ ಆದ್ರೇನು, ಬಿಟ್ರೇನು? ಅವನ ಮನಿ ಮುಂದ ಹೋಗಿ ಯಾರರ ಕೇಳ್ತಾರೇನು?"

"ನನ್ ಮನಿ ಮುಂದ ಕೇಳಾಕತ್ಯಾರಲ್ಲೋ ಅಣ್ಣಾ."

ಗುರುಸಿದ್ದ ಬೀಡಿ ಎಸೆದ. "ಮಸ್ಟರಿನ ಮಾತು ಕೋರ್ಟಿನ್ಯಾಗ ಎತ್ತಿದಿ ಅಂದ್ರ ಕಂಪನಿ ನನ್ನ ಬಿಡ್ತೈತಿ. ನಾ ಮೂವತ್ತು ಮಂದಿನ್ನ ಬಿಡ್ತೀನಿ. ಆಮ್ಯಾಲ ಅವರ ಮಕ್ಕಳಿಗೆ ನೀ ರೊಟ್ಟಿ ಬಡಿ."

ಅವನು ಹೋದ ಮೇಲೆ ಬಸವಲಿಂಗಮ್ಮ ನಿಂತೇ ಇದ್ದಳು.

"ನನ್ ಮಗಳು ಶೈಲಶ್ರೀದು ಮದುವಿ ಐತಿ ಬೇ. ಕಾರ್ಡ್ ಹಂಚೀನಿ. ಬಾಯಿ ಬಿಡಬ್ಯಾಡ. ನಿನ್ನ ಕಾಲು ಹಿಡೀತೀನಿ." ಹೇಳಿ ನಿಜವಾಗಿಯೂ ಜಲ್ಲಿಯ ಮೇಲೆ ಬಗ್ಗಿದಳು. ಶಿವವ್ವ ಹಿಂದಕ್ಕೆ ಸರಿದಳು.

ಹೌದು ಅನ್ನುವುದೆಂದು ಆಗಲೇ ತೀರ್ಮಾನ ಮಾಡಿದಳು, ಬಸವಲಿಂಗಮ್ಮನಿಗೂ ಅದನ್ನೇ ಹೇಳಿದಳು. ಸೈಟು ಹೋಗಲಿ. ಲೆಕ್ಕ ಹಾಕಿದರೆ ಅದೇ ಸರಿ. ಎಲ್ಲರೂ ಹೇಳುವುದೂ ಅದನ್ನೇ.

ಕೋರ್ಟಿನ ದಿನ ಬೆಂಚಿನ ತುದಿಯಲ್ಲಿ ಕೂತಳು. ಪಕ್ಕದ ಹೆಂಗಸು ಸೀರೆ ಎಳೆದುಕೊಂಡಳು. ಶಿವವ್ವ ಎದ್ದು ಗೋಡೆಗೆ ಒರಗಿ ನಿಂತಳು. ಒಂದು ಬೆಂಚು ಮುಂದೆ ಗುರುಸಿದ್ದ, ಅವನ ಪಕ್ಕ ಸೀನು. ಸೀನು ತಿರುಗಿ ನೋಡಿ ನಕ್ಕ. ಅವಳು ಏನು ಹೇಳುತ್ತಾಳೆಂದು ಅವನಿಗೆ ಆಗಲೇ ಸುದ್ದಿ ಹೋಗಿತ್ತು.

ಕಟಕಟೆಯಲ್ಲಿ ಪರಮಶಿವಯ್ಯ ಹೆಚ್ಚೇನೂ ಕೇಳಲಿಲ್ಲ. ಸಾಲದ ವಿಷಯ ನಿನಗೆ ಗೊತ್ತಿತ್ತೇ ಎಂದರು. ಇಲ್ಲ ಎಂದಳು. ಆಮೇಲೆ ಪಾಟೀಸವಾಲು. ಸೀನುವಿನ ವಕೀಲ ಎಳೆ ವಯಸ್ಸಿನವನು, ಒಳ್ಳೆ ಕಂಠ.

"ನಿನ್ನ ಗಂಡನ ಪರಿಹಾರದ ಕೇಸಲ್ಲಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದೀಯಾ?"

"ಕೊಟ್ಟೀನ್ರಿ."

"ಮಸ್ಟರ್ ಬುಕ್ಕಿನ ಸಹಿ ನನ್ನ ಗಂಡನದೇ ಅಂತ ಹೇಳಿದ್ದೀಯಾ?"

"ಹೇಳೀನ್ರಿ."

ಅಲ್ಲಿಗೆ ಅವನು ನಿಲ್ಲಿಸಿದ್ದರೆ ಮುಗಿಯುತ್ತಿತ್ತು. ಆದರೆ ತನ್ನ ದನಿ ಅವನಿಗೇ ಇಷ್ಟ. ಮಸ್ಟರಿನ ನಕಲು ಬಿಡಿಸಿ, ಪ್ರತಿ ಸಾಲಿಗೂ ಬೆರಳಿಟ್ಟು, ಹನಮಂತ ಸಹಿ ಮಾಡುತ್ತಿದ್ದವನೇ ಎಂದು ಕೂಡಿಸಿ ತೋರಿಸಲು ಹೊರಟ.

"ಏಪ್ರಿಲ್ ಮೊದಲನೇ ವಾರ. ಹನಮಂತ. ಆರು ದಿನ, ನೂರಾ ಹತ್ತರಂತೆ, ಆರುನೂರಾ ಅರವತ್ತು. ಸಹಿ. ಎರಡನೇ ವಾರ. ಹನಮಂತ. ಆರುನೂರಾ ಅರವತ್ತು. ಸಹಿ. ಮೂರನೇ ವಾರ..."

"ಎಷ್ಟ್ರೀ?" ಎಂದಳು ಶಿವವ್ವ.

"ಏನು ಎಷ್ಟು?"

"ದಿನದ ಪಗಾರ ಎಷ್ಟಂತ ಬರದೈತ್ರಿ?"

"ನೂರಾ ಹತ್ತು."

ಶಿವವ್ವ ಕಟಕಟೆಯ ಅಂಚು ಹಿಡಿದಳು. ಹನಮಂತನ ಕೈಗೆ ಬರುತ್ತಿದ್ದುದು ದಿನಕ್ಕೆ ಎಂಬತ್ತು. ಒಂದು ದಿನವೂ ಎಂಬತ್ತರ ಮೇಲೆ ಒಂದು ರೂಪಾಯಿ ಬಂದಿರಲಿಲ್ಲ. ಆ ಪುಸ್ತಕ ಶನಿವಾರ ಶನಿವಾರ ಅವರ ಕಣ್ಣೆದುರಿಗೇ ಬಿಡಿಸಿರುತ್ತಿತ್ತು. ಅವನು ಬಾಲ ನೋಡಿ ನಗುತ್ತಿದ್ದ. ಬಾಲದ ಪಕ್ಕದಲ್ಲಿ ಏನು ಬರೆದಿದೆ ಎಂದು ಓದಿ ಹೇಳಿದವರು ಇಷ್ಟು ವರ್ಷಕ್ಕೆ ಇವನೊಬ್ಬನೇ. ಇದೇ ಕಂಠದ ವಕೀಲ. ದಿನಕ್ಕೆ ಮೂವತ್ತು ಖೋತಾ. ಅವಳಿಗೆ ಲೆಕ್ಕ ಬರುತ್ತಿತ್ತು. ಓದು ಬಾರದವರಿಗೆ ಲೆಕ್ಕ ಬಾರದೆ ಬದುಕಿಲ್ಲ. ಜ್ವರ ಬಂದ ದಿನವೂ ಅವನು ಹಲಗೆ ಕಿತ್ತಿದ್ದ, ಎಂಬತ್ತು ಹೋಗುತ್ತದೆಂದು. ಬೀಳುವ ದಿನ ಕಂಬ ಅಲುಗುತ್ತದೆ, ಹತ್ತಲ್ಲ ಎಂದಿದ್ದ. ಎಂಬತ್ತು ಹೋಗುತ್ತದೆಂದು ಹತ್ತಿದ್ದ.

"ನನ್ನ ಹೆಸರೈತೇನ್ರಿ ಅದರಾಗ?"

"ಪ್ರಶ್ನೆ ಕೇಳೋದು ನಾನಮ್ಮ, ನೀನಲ್ಲ."

ನ್ಯಾಯಾಧೀಶರು ಅವಳ ಮುಖವನ್ನು ಮೊದಲ ಸಲ ನೋಡಿದರು. "ಇದೆಯಾ? ಓದಿ," ಎಂದರು.

ವಕೀಲ ಹಾಳೆ ತಿರುಗಿಸಿದ. "ಶಿವವ್ವ. ಆರು ದಿನ, ಎಪ್ಪತ್ತೈದರಂತೆ, ನಾನೂರಾ ಐವತ್ತು. ಸಹಿ."

"ಸಹಿ ಐತ್ರಿ? ಹೆಬ್ಬೆಟ್ಟಲ್ಲಲ್ಲ?"

"ಸಹಿ ಇದೆ."

"ಹಂಗಾರ ಪೆನ್ನು ಕೊಡ್ರಿ."

ಯಾರೂ ಕೊಡಲಿಲ್ಲ. ಪರಮಶಿವಯ್ಯ ಕೂತಲ್ಲಿಂದಲೇ ತಲೆ ಅಲ್ಲಾಡಿಸುತ್ತಿದ್ದರು, ಬೇಡ, ಬೇಡ ಎಂದು. ನ್ಯಾಯಾಧೀಶರು ತಮ್ಮ ಮುಂದಿದ್ದ ಪೆನ್ನು, ಹಾಳೆ ಕೊಡಿಸಿದರು. ಶಿವವ್ವ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದಳು, ಕಾಂಕ್ರೀಟು ಕುತ್ತುವ ಸರಳು ಹಿಡಿದ ಹಾಗೆ. ಎಳೆದಳು. ಹಾಳೆ ಹರಿಯಿತು.

"ನನಗ ಇಷ್ಟ ಬರತೈತ್ರಿ. ನಾ ಇನ್ನೂ ಜೀವಂತ ಅದೀನಿ. ಸತ್ತಾವನ ಸಹಿ ಯಾರದು ಅಂತ ಎರಡು ವರ್ಷದಿಂದ ಹುಡಕಾಕತ್ತೀರಿ. ಜೀವಂತ ಇದ್ದಾಕಿ ಸಹಿ ಯಾರು ಹಾಕ್ಯಾರ, ಕೇಳ್ರಿ. ಅವರ ಅವನ ಸಹಿನೂ ಹಾಕ್ಯಾರ. ಮೂವತ್ತು ಮಂದಿದೂ ಅವರ ಹಾಕ್ಯಾರ."

ಟೈಪ್‌ರೈಟರಿನ ಸದ್ದು ನಿಂತಿತು.

"ನಿನ್ನ ಗಂಡನಿಗೆ ಬರೆಯೋಕೆ ಬರ್ತಿತ್ತಾ?" ಎಂದರು ನ್ಯಾಯಾಧೀಶರು.

"ಇಲ್ರಿ."

"ಮತ್ತೆ ಆ ಕೇಸಲ್ಲಿ ಅವನದೇ ಸಹಿ ಅಂತ ಯಾಕಮ್ಮ ಹೇಳಿದೆ?"

"ಅವನ ಹೆಸರಿಗೆ ಅದ ಸಹಿ ಇತ್ರಿ. ನಮಗೆಲ್ಲಾ ಒಂದೊಂದು ಇತ್ತು. ಹಾಕಾವ ಬ್ಯಾರೆ. ಅದು ತಪ್ಪು ಅಂತ ಗೊತ್ತಿರಲಿಲ್ರಿ. ಈಗ ಗೊತ್ತಾತು."

"ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಶಿಕ್ಷೆ ಆಗುತ್ತೆ."

"ಆಗಲ್ರಿ. ನನಗೊಬ್ಬಾಕಿಗೆ ಬ್ಯಾಡ. ಸಹಿ ಹಾಕಿದಾವ ಅಲ್ಲೇ ಕುಂತಾನ, ಅವಗೂ ಕೊಡ್ರಿ. ಹಾಕಿಸಿದಾವ ಅವನ ಬಾಜೂಕ ಕುಂತಾನ. ನೂರಾ ಹತ್ತು ಬರದು ಎಂಬತ್ತು ಕೊಟ್ಟಾವರು ಕಾರಿನ್ಯಾಗ ಅಡ್ಡಾಡ್ತಾರ, ಅವರಿಗೂ ಕೊಡ್ರಿ. ನನ್ ಗಂಡ ಸಾಲಗಾರ ಅಲ್ಲ. ಅವನ ಹೆಸರಿಲೆ ನಾ ಹೌದು ಅನ್ನಂಗಿಲ್ಲ."

ಗುರುಸಿದ್ದನನ್ನು ಮುಂದೆ ಕರೆಯಲು ಹೇಳಿದರು. ಜವಾನ ಮೂರು ಸಲ ಕೂಗಿದ. ಬೆಂಚಿನ ಮೇಲೆ ಸೀನು ಒಬ್ಬನೇ ಇದ್ದ.

ಮುಂದಿನ ಎರಡು ವಾಯಿದೆಗೂ ಗುರುಸಿದ್ದ ಬರಲಿಲ್ಲ. ತೀರ್ಪಿನಲ್ಲಿ, ಪ್ರೋನೋಟಿನ ಸಹಿ ಹನಮಂತನದೆಂದು ವಾದಿ ಸಾಬೀತು ಮಾಡಿಲ್ಲ, ದಾವಾ ವಜಾ, ಖರ್ಚು ಅವರವರದು ಎಂದಿತ್ತು. ಸುಳ್ಳು ಪ್ರೋನೋಟು ಮಾಡಿದವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಸೀನು ಕಾರು ಹತ್ತಿ ಹೋದ. ಮುನಿಲಕ್ಷ್ಮಮ್ಮ ಒಂದು ದಿನ ಯಾರದೋ ಕೈಯಲ್ಲಿ ಅವರೆಕಾಳು ಕಳಿಸಿದಳು. ಶಿವವ್ವ ವಾಪಸು ಕಳಿಸಿದಳು.

ಪರಿಹಾರದ ಕೇಸಿನಲ್ಲಿ ಕಂಪನಿಯ ವಕೀಲರು ಅವಳು ಕೋರ್ಟಿನಲ್ಲಿ ಹೇಳಿದ ಮಾತಿನ ನಕಲು ತಂದು ಇಟ್ಟರು. ಪರಮಶಿವಯ್ಯ ಅವತ್ತು ಚೆನ್ನಾಗಿ ವಾದ ಮಾಡಿದರು, ಬೆವತುಹೋದರು. ಸಹಿ ಮೇಸ್ತ್ರಿಯದಾದರೂ ಬಿದ್ದ ಮೈ ಹನಮಂತನದೇ ಅಲ್ಲವೇ ಎಂದು ಕೇಳಿದರು. ಮೃತನು ಕಂಪನಿಯ ಆಳು ಎನ್ನಲು ನಂಬಬಹುದಾದ ಸಾಕ್ಷಿಯಿಲ್ಲ ಎಂದು ಅರ್ಜಿ ವಜಾ ಆಯಿತು. ಹೈಕೋರ್ಟಿಗೆ ಹೋಗೋಣ ಎಂದರು ಪರಮಶಿವಯ್ಯ. ಬಸ್ಸಿನ ದುಡ್ಡು ನೀವೇ ಕೊಡ್ತೀರೇನ್ರಿ ಎಂದಳು. ಅವರು ಫೈಲು ಕಟ್ಟಿಟ್ಟರು. ಫೀಸು ಕೇಳಲಿಲ್ಲ.

ಕಂಪನಿ ಗುರುಸಿದ್ದನನ್ನು ಬಿಟ್ಟಿತು. ಅವನು ಮೂವತ್ತು ಜನರನ್ನು ಬಿಟ್ಟು ಹೊಸೂರು ಕಡೆ ಹೋಗಿ ಅಲ್ಲೂ ಮೇಸ್ತ್ರಿಯಾದ. ಕೆಲವರು ಊರಿಗೆ ಹೋದರು, ಉಳಿದವರು ದಿನಾ ಬೆಳಿಗ್ಗೆ ಮಡಿವಾಳ ಮಾರ್ಕೆಟ್ಟಿನ ಹತ್ತಿರ ಕೂಲಿಗೆ ನಿಂತರು. ಶೈಲಶ್ರೀಯ ಮದುವೆ ಮುಂದಕ್ಕೆ ಹೋಯಿತು. ಬಸವಲಿಂಗಮ್ಮ ಒಮ್ಮೆ ಬಿಟಿಎಂ ಬಸ್‌ಸ್ಟಾಪಿನಲ್ಲಿ ಎದುರಾದಳು. ಶಿವವ್ವನ ಕಾಲ ಬಳಿ ಉಗಿದಳು. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ನೋಡುತ್ತಲೇ ಇದ್ದಳು.

ಜೆಪಿ ನಗರದ ಆ ಕೆಲಸಕ್ಕೆ ಬಂದ ಹೊಸ ಮೇಸ್ತ್ರಿ ಬಟವಾಡೆಯ ದಿನ ಇಂಕ್ ಪ್ಯಾಡು ತರುತ್ತಾನಂತೆ. ಒಬ್ಬೊಬ್ಬರದೂ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನಂತೆ. ಅಲ್ಲಿನ ಹುಡುಗಿಯೊಬ್ಬಳು, ಒತ್ತುವ ಮೊದಲು ಎಷ್ಟು ಬರೆದಿದೆ ಓದು ಎಂದು ಕೇಳಿದಳಂತೆ. ಅವಳನ್ನು ಮಾರನೆಯ ದಿನ ಕೆಲಸಕ್ಕೆ ಬರಬೇಡ ಎಂದರಂತೆ.

ಶಿವವ್ವನಿಗೆ ಎರಡು ಲಕ್ಷ ಹೋಯಿತು. ಊರಿನವರು ಹೋದರು. ಗೊಟ್ಟಿಗೆರೆಯ ಸೈಟು ಉಳಿಯಿತು, ತಾಡಪಾಲಿನ ಸಮೇತ. ಹನಮಂತ ಬೈರಣ್ಣನಿಗೆ ಒಂದು ಪೈಸೆಯೂ ಕೊಡಬೇಕಾಗಿಲ್ಲ ಎಂದು ಕೋರ್ಟು ಮೊಹರು ಹಾಕಿ ಬರೆದುಕೊಟ್ಟಿತು. ಹನಮಂತನಿಗೆ ಯಾರು ಎಷ್ಟು ಕೊಡಬೇಕು ಎಂಬುದನ್ನು ಯಾರೂ ಬರೆದುಕೊಡಲಿಲ್ಲ.